ಬಿಳಿ ಪಟ್ಟೆಯಲ್ಲಿ ಗಾಡಿ ನಿಲ್ಲದಿದ್ದಾಗ ರಸ್ತೆ ದಾಟುವುದು ಹೇಗೆ: ಹಳೇ ಬಸ್ ಡ್ರೈವರ್ ಒಬ್ಬನ ಮಾತು

ನಾನು ಬೆಂಗಳೂರಿನಲ್ಲಿ 27 ವರ್ಷ ಸಿಟಿ ಬಸ್ ಓಡಿಸಿದವನು. ರಿಟೈರ್ ಆಗಿ ನಾಲ್ಕು ವರ್ಷ ಆಯಿತು. ಈಗ ನನ್ನ ಡ್ಯೂಟಿ ಒಂದೇ. ಬೆಳಗ್ಗೆ ಎಂಟಕ್ಕೆ ಮೊಮ್ಮಗಳನ್ನು ಶಾಲೆಗೆ ಬಿಡುವುದು, ಸಂಜೆ ಕರೆದುಕೊಂಡು ಬರುವುದು. ಹನುಮಂತನಗರದ ನಮ್ಮ ಮನೆಯಿಂದ ಶಾಲೆಗೆ ಹದಿನೈದು ನಿಮಿಷದ ದಾರಿ. ನಡುವೆ ಒಂದು ದೊಡ್ಡ ರಸ್ತೆ. ಅದರ ಮೇಲೆ ಜೀಬ್ರಾ ಕ್ರಾಸಿಂಗ್ ಇದೆ, ಸಿಗ್ನಲ್ ಇಲ್ಲ.

ಮೊದಲ ದಿನ ಆ ಪಟ್ಟೆಯ ಹತ್ತಿರ ನಿಂತಾಗ ನನಗೆ ನಿಜವಾಗಿಯೂ ಎದೆ ಹೊಡೆದುಕೊಂಡಿತು. ಅದೇ ರಸ್ತೆಯಲ್ಲಿ ಎಷ್ಟೋ ವರ್ಷ ಬಸ್ ಓಡಿಸಿದ್ದೆ. ಆದರೆ ಮಗುವಿನ ಕೈ ಹಿಡಿದು ಅಂಚಿನಲ್ಲಿ ನಿಂತವನಲ್ಲ. ಕಾರು, ಆಟೋ, ಟೂ ವೀಲರ್, ನೀರಿನ ಟ್ಯಾಂಕರ್, ಒಂದರ ಹಿಂದೆ ಒಂದು ಹೋಗುತ್ತಲೇ ಇದ್ದವು. ಒಂದೂ ನಿಲ್ಲಲಿಲ್ಲ. "ತಾತ, ಈ ಪಟ್ಟೆ ನಮಗೆ ತಾನೇ ಹಾಕಿರೋದು?" ಎಂದು ಮೊಮ್ಮಗಳು ಕೇಳಿದಳು.

ನಮಗೇ ಹಾಕಿರುವುದು. 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಸಿಗ್ನಲ್ ಇಲ್ಲದ ಕ್ರಾಸಿಂಗ್ ಹತ್ತಿರ ಬರುವಾಗ ಡ್ರೈವರ್ ವೇಗ ಇಳಿಸಬೇಕು, ನಿಲ್ಲಿಸಬೇಕು, ನಡೆದು ದಾಟುವವರಿಗೂ ಗಾಲಿ ಕುರ್ಚಿಯಲ್ಲಿ ದಾಟುವವರಿಗೂ ದಾರಿ ಬಿಡಬೇಕು. ಪಟ್ಟೆಯ ಮೇಲೆ ಗಾಡಿ ನಿಲ್ಲಿಸುವ ಹಾಗಿಲ್ಲ. ಮುಂದೆ ಜಾಗ ಇಲ್ಲ ಎಂದು ಕಾಣುತ್ತಿದ್ದರೆ ಪಟ್ಟೆಯ ಮೇಲೆ ನುಗ್ಗುವ ಹಾಗೂ ಇಲ್ಲ. ಇಂಥ ನಿಯಮ ಮುರಿದರೆ ಮೋಟಾರು ವಾಹನ ಕಾಯ್ದೆಯಲ್ಲಿ 500ರಿಂದ 1,000 ರೂಪಾಯಿ ದಂಡ ಇದೆ. ಡ್ರೈವರ್ ನಿಲ್ಲಿಸಿದರೆ ಅದು ನಮ್ಮ ಮೇಲೆ ತೋರಿಸಿದ ದಯೆ ಅಲ್ಲ, ಅವನ ಕೆಲಸ.

ಆದರೆ ನಿಯಮ ಇದೆ ಎಂದು ನಂಬಿ ಸುಮ್ನೆ ರಸ್ತೆಗೆ ಇಳಿಯಬೇಡಿ. 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಹತ್ತಿರ ಹತ್ತಿರ ಐದರಲ್ಲಿ ಒಬ್ಬರು. ನನಗೆ ಸ್ಟೇರಿಂಗ್ ಹಿಡಿದು ಆ ಪಟ್ಟೆ ನೋಡಿದ್ದೂ ಗೊತ್ತು, ಈಗ ಅಂಚಿನಲ್ಲಿ ನಿಂತು ನೋಡುವುದೂ ಗೊತ್ತು. ಎರಡೂ ಸೇರಿಸಿ ಹೇಳುತ್ತೇನೆ.

ಡ್ರೈವರ್ ಯಾವಾಗ ತೀರ್ಮಾನ ಮಾಡುತ್ತಾನೆ

ನಾವು ಪಟ್ಟೆಯ ಹತ್ತಿರ ನಿಂತು, ಗಾಡಿ ತೀರಾ ಹತ್ತಿರ ಬಂದ ಮೇಲೆ ಕೈ ತೋರಿಸುತ್ತೇವೆ. ಅಷ್ಟು ಹೊತ್ತಿಗೆ ಡ್ರೈವರ್ ಮನಸ್ಸಿನಲ್ಲಿ ತೀರ್ಮಾನ ಮುಗಿದಿರುತ್ತದೆ. ನಿಲ್ಲಬೇಕೋ ಬೇಡವೋ ಎನ್ನುವುದು ಪಟ್ಟೆಗಿಂತ ಮೂವತ್ತು ಮೀಟರ್ ಮೊದಲೇ ಆಗುವ ಕೆಲಸ. ಇದೊಂದು ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ಲೆಕ್ಕ ನೋಡಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಮುಂದೆ ಹೋಗುತ್ತದೆ. ಕಣ್ಣು ನೋಡಿ, ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಬೇಕು. ಆಮೇಲೆ ಬ್ರೇಕ್ ಹಿಡಿದು ಗಾಡಿ ನಿಲ್ಲಲು ಇನ್ನೂ 14 ಮೀಟರ್. ಎರಡೂ ಸೇರಿ 28. ರಸ್ತೆ ಒಣಗಿರಬೇಕು, ಟೈರು ಚೆನ್ನಾಗಿರಬೇಕು. ಮಳೆ ಬಿದ್ದಿದ್ದರೆ ಇನ್ನೂ ಜಾಸ್ತಿ. ಅದೇ 30 ಕಿಲೋಮೀಟರ್ ವೇಗದಲ್ಲಿದ್ದರೆ ಸುಮಾರು 13 ಮೀಟರಿಗೆ ನಿಂತುಬಿಡುತ್ತದೆ.

ಬಸ್ಸಿನ ಕಥೆ ಬೇರೆ. ಏರ್ ಬ್ರೇಕ್ ಒತ್ತಿದ ತಕ್ಷಣ ಹಿಡಿಯುವುದಿಲ್ಲ, ಗಾಳಿ ಚಕ್ರದವರೆಗೆ ಹೋಗಲು ಒಂದು ಗಳಿಗೆ ಬೇಕು. ಅದಕ್ಕಿಂತ ದೊಡ್ಡ ಮಾತು ಅಂದರೆ, ಒಳಗೆ ನಲವತ್ತು ಜನ ನಿಂತಿರುತ್ತಾರೆ. ಜೋರಾಗಿ ಬ್ರೇಕ್ ಹಾಕಿದರೆ ಒಬ್ಬರ ಮೇಲೆ ಒಬ್ಬರು ಬೀಳುತ್ತಾರೆ. ಹಾಗಾಗಿ ಬಸ್ ಡ್ರೈವರ್ ಕೊನೆ ಗಳಿಗೆಯಲ್ಲಿ ಕಂಡವರಿಗೆ ನಿಲ್ಲಿಸಲು ಹಿಂಜರಿಯುತ್ತಾನೆ. ದೂರದಿಂದಲೇ ಕಂಡವರಿಗೆ ನಿಲ್ಲಿಸುತ್ತಾನೆ. ನಾನೂ ಹಾಗೇ ಮಾಡಿದವನು.

ಆದ್ದರಿಂದ ನಿಮ್ಮ ಕೆಲಸ ಶುರುವಾಗುವುದು ಗಾಡಿ ದೂರದಲ್ಲಿ ಇರುವಾಗ. ಫುಟ್‌ಪಾತಿನ ಅಂಚಿಗೆ ಬನ್ನಿ. ಮೈ ಪೂರ್ತಿ ರಸ್ತೆಯ ಕಡೆ ತಿರುಗಿಸಿ ನಿಲ್ಲಿ. ಪಕ್ಕಕ್ಕೆ ತಿರುಗಿ ಮಾತಾಡುತ್ತಾ, ಮೊಬೈಲ್ ನೋಡುತ್ತಾ ನಿಂತವರನ್ನು ಡ್ರೈವರ್ "ಇವರು ದಾಟೋರಲ್ಲ, ಯಾರಿಗೋ ಕಾಯ್ತಿದ್ದಾರೆ" ಎಂದುಕೊಳ್ಳುತ್ತಾನೆ. ಹತ್ತಿರದಲ್ಲಿ ಬಸ್ ಸ್ಟಾಪ್ ಇದ್ದರಂತೂ ಖಂಡಿತ ಹಾಗೇ ಅಂದುಕೊಳ್ಳುತ್ತಾನೆ.

ನಮ್ಮಲ್ಲಿ ಗಾಡಿ ಮೊದಲು ಬಲಗಡೆಯಿಂದ ಬರುತ್ತದೆ. ಬಲಗೈ ಎತ್ತಿ. ಸೊಂಟದ ಹತ್ತಿರ ಅಲ್ಲ, ಭುಜಕ್ಕಿಂತ ಮೇಲೆ. ಅಂಗೈ ಡ್ರೈವರ್ ಕಡೆ ಇರಲಿ. ಕೆಳಗೆ ಚಾಚಿದ ಕೈ ನಿಂತ ಗಾಡಿಗಳ ಮರೆಯಲ್ಲಿ ಮುಚ್ಚಿಹೋಗುತ್ತದೆ. ಮೇಲೆತ್ತಿದ ಕೈ ಎರಡು ಗಾಡಿಯ ಹಿಂದೆ ಇರುವವನಿಗೂ ಕಾಣುತ್ತದೆ. ಡಿವೈಡರ್ ದಾಟಿದ ಮೇಲೆ ಗಾಡಿ ಎಡಗಡೆಯಿಂದ ಬರುತ್ತದೆ, ಆಗ ಎಡಗೈ.

ಪಕ್ಕದಲ್ಲಿ ಕಾರು ನಿಲ್ಲಿಸಿ ಪಟ್ಟೆ ಮರೆಯಾಗಿದ್ದರೆ ಏನು ಮಾಡಬೇಕು? ನಮ್ಮ ಪಟ್ಟೆಯ ಎದುರು ಬೇಕರಿ ಇದೆ, ದಿನಾ ಇದೇ ಪಾಡು. ಆ ಕಾರಿನ ಹೊರ ಅಂಚಿನವರೆಗೆ ಹೋಗಿ ನಿಂತುಬಿಡಿ, ಅದನ್ನು ದಾಟಬೇಡಿ. ಅದೇ ನಿಮ್ಮ ಹೊಸ ಫುಟ್‌ಪಾತ್ ಎಂದುಕೊಳ್ಳಿ. ಅಲ್ಲಿ ನಿಂತು ಕೈ ಎತ್ತಿ.

ನಿಲ್ಲುತ್ತಾನಾ ಇಲ್ಲವಾ ಎಂದು ತಿಳಿಯುವುದು

"ಡ್ರೈವರ್ ಕಣ್ಣಲ್ಲಿ ಕಣ್ಣಿಟ್ಟು ನೋಡಿ" ಎಂದು ಎಲ್ಲರೂ ಹೇಳುತ್ತಾರೆ. ಹೆಲ್ಮೆಟ್ ಗಾಜಿನ ಹಿಂದೆ, ಬಿಸಿಲು ಬಿದ್ದ ಕಾರಿನ ಗಾಜಿನ ಹಿಂದೆ ಕಣ್ಣು ಎಲ್ಲಿ ಕಾಣುತ್ತದೆ? ನೀವು ಗಾಡಿಯನ್ನೇ ನೋಡಿ. ಬ್ರೇಕ್ ಹಾಕಿದರೆ ಕಾರಿನ ಮೂತಿ ಸ್ವಲ್ಪ ತಗ್ಗುತ್ತದೆ. ಬೈಕಿನ ಮುಂದಿನ ಫೋರ್ಕ್ ಕುಗ್ಗುತ್ತದೆ. ಮುಂದಿನ ಚಕ್ರ ತಿರುಗುವುದು ನಿಧಾನವಾಗುತ್ತದೆ. ಬಸ್ಸಾದರೂ ಅಷ್ಟೇ, ಚಕ್ರ ನೋಡಿ. ಇದರಲ್ಲಿ ಒಂದಾದರೂ ಕಾಣುವವರೆಗೆ ಕಾಲಿಡಬೇಡಿ.

ಹಾರ್ನ್ ಹೊಡೆದರೆ "ನಾನು ನಿಲ್ಲಲ್ಲ" ಎಂದೇ ಅರ್ಥ. ಹೆಡ್‌ಲೈಟ್ ಮಿಣುಕಿಸಿದರೂ ಅದೇ. ಹೊರದೇಶದಲ್ಲಿ ಇದ್ದು ಬಂದವರು ಕೆಲವರು ಅದನ್ನು "ನೀವು ಹೋಗಿ" ಎಂದು ತಿಳಿದುಕೊಳ್ಳುತ್ತಾರೆ. ನಮ್ಮ ಊರಿನಲ್ಲಿ ಲೈಟ್ ಹಾಕುವುದು "ನಾನು ಬರ್ತಾ ಇದ್ದೀನಿ, ಸರೀರಿ" ಎನ್ನಲು. ಕಿವಿಯನ್ನೂ ಪೂರ್ತಿ ನಂಬಬೇಡಿ. ಈಗ ಎಲೆಕ್ಟ್ರಿಕ್ ಸ್ಕೂಟರ್, ಎಲೆಕ್ಟ್ರಿಕ್ ಆಟೋ, ಎಲೆಕ್ಟ್ರಿಕ್ ಬಸ್ ಎಲ್ಲ ಬಂದಿವೆ. ಮೈಮೇಲೆ ಬರುವವರೆಗೆ ಸದ್ದೇ ಇರುವುದಿಲ್ಲ.

ಒನ್ ವೇ ರಸ್ತೆಯಾದರೂ ಎರಡೂ ಕಡೆ ನೋಡಿ. ಉಲ್ಟಾ ದಿಕ್ಕಿನಲ್ಲಿ, ಫುಟ್‌ಪಾತಿನ ಅಂಚು ಹಿಡಿದು ಬರುವ ಟೂ ವೀಲರ್ ಎಷ್ಟಿವೆ ಎಂದು ನಿಮಗೇ ಗೊತ್ತು.

ಎಷ್ಟು ಅಂತರ ಬೇಕು

ಯಾರೂ ನಿಲ್ಲದೇ ಇದ್ದಾಗ ಗಾಡಿಗಳ ನಡುವಿನ ಅಂತರ ನೋಡಿ ದಾಟಬೇಕಾಗುತ್ತದೆ. ಈ ಅಂತರವನ್ನು ಕಣ್ಣಂದಾಜಿನಲ್ಲಿ ಅಳೆಯುವುದರಲ್ಲೇ ಎಲ್ಲರೂ ತಪ್ಪುವುದು. ನಾನು ಲೈಟು ಕಂಬ ಇಟ್ಟುಕೊಂಡು ಅಳೆಯುತ್ತೇನೆ. ಒಂದು ಭಾನುವಾರ ಬೆಳಗ್ಗೆ ನಮ್ಮ ರಸ್ತೆಯಲ್ಲಿ ಕಂಬದಿಂದ ಕಂಬಕ್ಕೆ ಹೆಜ್ಜೆ ಹಾಕಿ ಎಣಿಸಿದೆ. ಸುಮಾರು 30 ಮೀಟರ್ ಬಂತು. ನಿಮ್ಮ ರಸ್ತೆಯಲ್ಲೂ ಒಮ್ಮೆ ಎಣಿಸಿ ನೋಡಿ.

ಒಂದು ಲೇನ್ ಸುಮಾರು ಮೂರೂವರೆ ಮೀಟರ್ ಅಗಲ. ಆರೋಗ್ಯವಾಗಿರುವ ಮನುಷ್ಯ ಒಂದು ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ, ರಸ್ತೆ ಕಟ್ಟುವವರೂ ಇದೇ ಲೆಕ್ಕ ಇಟ್ಟುಕೊಳ್ಳುತ್ತಾರೆ. ಎರಡು ಲೇನ್ ದಾಟಿ ಡಿವೈಡರ್ ಸೇರಲು ಆರು ಸೆಕೆಂಡ್. ಆ ಆರು ಸೆಕೆಂಡಿನಲ್ಲಿ 40 ಕಿಲೋಮೀಟರ್ ವೇಗದ ಗಾಡಿ 66 ಮೀಟರ್ ಬರುತ್ತದೆ. ಅಂದರೆ ಗಾಡಿ ಎರಡು ಕಂಬದ ಆಚೆ ಇದ್ದರೂ ಸಾಲದು. ಮೂರನೇ ಕಂಬದ ಹತ್ತಿರ ಇದ್ದರೆ ಮಾತ್ರ ಹೊರಡಿ.

ನನ್ನ ಹೆಂಡತಿಗೆ ಮಂಡಿ ನೋವು. ಅವಳು ಅಷ್ಟೇ ದೂರ ನಡೆಯಲು ಹನ್ನೊಂದು ಸೆಕೆಂಡ್ ತೆಗೆದುಕೊಳ್ಳುತ್ತಾಳೆ. ಗಡಿಯಾರ ಹಿಡಿದು ನೋಡಿದ್ದೇನೆ. ಅವಳಿಗೆ ಐದು ಕಂಬದ ಅಂತರ ಬೇಕು. ಬೆಳಗ್ಗೆ ಒಂಬತ್ತು ಗಂಟೆಗೆ ಐದು ಕಂಬ ಖಾಲಿ ಇರುವ ರಸ್ತೆ ಬೆಂಗಳೂರಿನಲ್ಲಿ ಎಲ್ಲಿದೆ? ಅಂಥವರಿಗೆ ಗಾಡಿ ನಿಂತರೆ ಮಾತ್ರ ದಾರಿ. "ಸ್ಕೈವಾಕ್ ಹತ್ತಿ ಹೋಗಲಿ" ಎನ್ನುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಆ ಮೆಟ್ಟಿಲು ಹತ್ತುವ ಮಂಡಿ ಇದ್ದಿದ್ದರೆ ಅವಳು ರಸ್ತೆಯಲ್ಲೇ ಬೇಗ ದಾಟುತ್ತಿದ್ದಳು. ಲಿಫ್ಟ್ ಇದ್ದು, ಅದು ನಡೆಯುತ್ತಿದ್ದರೆ ಬೇರೆ ಮಾತು.

ವಯಸ್ಸಾದವರ ಜೊತೆ ದಾಟುವಾಗ ಗಾಡಿ ಬರುವ ಕಡೆ ನೀವು ಇರಿ. ಡಿವೈಡರ್ ಬಂದಾಗ ಜಾಗ ಬದಲಿಸಿಕೊಳ್ಳಿ. ಮಗುವಿನ ಬೆರಳು ಹಿಡಿಯಬೇಡಿ, ಮಣಿಕಟ್ಟು ಹಿಡಿಯಿರಿ. ಬೆರಳು ಜಾರುತ್ತದೆ. ಬೇರೆಯವರೂ ದಾಟಲು ಬರುತ್ತಿದ್ದರೆ ಅರ್ಧ ನಿಮಿಷ ಕಾದು ಒಟ್ಟಿಗೆ, ಅಕ್ಕಪಕ್ಕ ಸಾಲಾಗಿ ಹೋಗಿ. ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಯಲ್ಲಿ ಬುಲ್ ಟೆಂಪಲ್ ರಸ್ತೆ ನೋಡಿದ್ದೀರಲ್ವಾ? ಅಕ್ಕಪಕ್ಕದ ರಸ್ತೆಗಳಲ್ಲೂ ಜನ ಗುಂಪಾಗಿ ದಾಟುತ್ತಾರೆ, ಗಾಡಿಗಳು ತಾವಾಗಿಯೇ ನಿಲ್ಲುತ್ತವೆ. ಒಬ್ಬರನ್ನು ಸುತ್ತಿಕೊಂಡು ಹೋಗುವ ಬೈಕು ಆರು ಜನರನ್ನು ಸುತ್ತಿಕೊಂಡು ಹೋಗಲು ಆಗುವುದಿಲ್ಲ.

ನಡುರಸ್ತೆಯಲ್ಲಿ ಓಡಬೇಡಿ, ಹಿಂದಕ್ಕೆ ಬರಬೇಡಿ. ಇದು ತುಂಬಾ ಮುಖ್ಯ. ಟೂ ವೀಲರ್ ಓಡಿಸುವವನು ನೀವು ಇದೇ ವೇಗದಲ್ಲಿ ಮುಂದೆ ಹೋಗುತ್ತೀರಿ ಎಂದು ಲೆಕ್ಕ ಹಾಕಿ ನಿಮ್ಮ ಬೆನ್ನ ಹಿಂದೆ ನುಗ್ಗುತ್ತಾನೆ. ನೀವು ಹೆದರಿ ಒಂದು ಹೆಜ್ಜೆ ಹಿಂದಿಟ್ಟರೆ ಸರಿಯಾಗಿ ಅವನ ದಾರಿಗೆ ಬರುತ್ತೀರಿ. ಅವನು ಹೀಗೆ ನುಗ್ಗುವುದು ತಪ್ಪು. ಆದರೆ ಪೆಟ್ಟು ಬೀಳುವುದು ನಮಗೆ. ದಾರಿ ಇಲ್ಲ ಎನಿಸಿದರೆ ಇದ್ದಲ್ಲೇ ನಿಲ್ಲಿ, ಕೈ ಮೇಲೆ ಇರಲಿ.

ಬಸ್ ನಿಂತಿತು ಎಂದು ನಂಬಬೇಡಿ

ಇದನ್ನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ಇವತ್ತಿಗೂ ನನ್ನನ್ನು ಬಿಡದ ವಿಷಯ ಇದು.

ನಾನು ಕೆಲಸಕ್ಕೆ ಸೇರಿ ಆರೋ ಏಳೋ ವರ್ಷ ಆಗಿತ್ತು. ಸಂಜೆಯ ಟ್ರಿಪ್. ಪಟ್ಟೆಯ ಹತ್ತಿರ ಎಡಗಡೆ ಫುಟ್‌ಪಾತಿನಲ್ಲಿ ಒಬ್ಬ ತಾಯಿ ತರಕಾರಿ ಚೀಲ ಹಿಡಿದು ನಿಂತಿದ್ದರು. ಬಹಳ ಹೊತ್ತಿನಿಂದ ಕಾಯುತ್ತಿದ್ದಾರೆ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ನಾನು ಬಸ್ ನಿಲ್ಲಿಸಿದೆ. ಕೈ ಬೀಸಿ "ಹೋಗಮ್ಮಾ" ಎಂದೆ. ಅವರು ನನ್ನ ಕಡೆ ನೋಡಿ ತಲೆ ಬಾಗಿಸಿ, ಬೇಗ ಬೇಗ ಬಸ್ಸಿನ ಮುಂದೆ ನಡೆದರು. ಬಸ್ಸಿನ ಬಲ ಅಂಚು ದಾಟಿದ್ದೇ ತಡ, ನನ್ನ ಬಲಗಡೆಯಿಂದ ಒಂದು ಬೈಕ್ ಬಂದು ಹೊಡೆಯಿತು. ಬಸ್ ಯಾಕೆ ನಿಂತಿದೆ ಎಂದು ಅವನು ಯೋಚಿಸಲೇ ಇಲ್ಲ. ಆ ತಾಯಿಯ ಕೈ ಮುರಿಯಿತು. ಟೊಮೇಟೊ ಎಲ್ಲ ಪಟ್ಟೆಯ ಮೇಲೆ ಉರುಳಿದವು. ಜನ ಸೇರಿದರು, ಆಟೋದಲ್ಲಿ ಆಸ್ಪತ್ರೆಗೆ ಕಳಿಸಿದೆವು. ಅವರು ಹೊರಡುವಾಗಲೂ "ನೀವು ಹೋಗು ಅಂದ್ರಲ್ಲಪ್ಪಾ" ಎಂದರು. ಬೈದು ಹೇಳಿದ್ದಲ್ಲ. ಸುಮ್ನೆ ಹೇಳಿದರು.

ಅವರು ಹೇಳಿದ್ದು ಸರಿ. ನನ್ನ ಮಾತು ನಂಬಿ ಅವರು ಆ ಕಡೆ ನೋಡಲಿಲ್ಲ. ಅಂದಿನಿಂದ ನಾನು ಯಾರಿಗೂ ಕೈ ಬೀಸಿ "ಹೋಗಿ" ಎನ್ನಲಿಲ್ಲ. ನಿಲ್ಲಿಸುತ್ತಿದ್ದೆ, ಸುಮ್ಮನೆ ಕಾಯುತ್ತಿದ್ದೆ. ದಾಟುವ ತೀರ್ಮಾನ ಅವರದ್ದೇ ಆಗಿರಬೇಕು.

ಬಸ್ಸಿನ ಅಗಲ ಎರಡೂವರೆ ಮೀಟರ್. ಅದು ನಿಂತರೆ ಹಿಂದಿನಿಂದ ಬರುವವರಿಗೆ ನೀವು ಕಾಣುವುದಿಲ್ಲ, ನಿಮಗೆ ಅವರು ಕಾಣುವುದಿಲ್ಲ. ಲಾರಿ, ಟ್ಯಾಂಕರ್, ದೊಡ್ಡ ಕಾರು ಎಲ್ಲಕ್ಕೂ ಇದೇ ಮಾತು. ಹಾಗಾಗಿ ಹೀಗೆ ಮಾಡಿ. ನಿಂತ ಗಾಡಿಯ ಮುಂದೆ ನಡೆದು, ಅದರ ಆಚೆಯ ಅಂಚಿಗೆ ಬಂದು ನಿಂತುಬಿಡಿ. ಕುತ್ತಿಗೆ ಮಾತ್ರ ಮುಂದೆ ಚಾಚಿ ಇಣುಕಿ ನೋಡಿ. ಖಾಲಿ ಇದ್ದರೆ ಮುಂದಿನ ಹೆಜ್ಜೆ. ಬಸ್ಸಿನವನು ಹಾರ್ನ್ ಹೊಡೆದರೂ ಗಡಿಬಿಡಿ ಮಾಡಬೇಡಿ. ರಸ್ತೆ ಪೂರ್ತಿ ಒಂದೇ ಅಲ್ಲ, ಪ್ರತಿ ಲೇನೂ ಒಂದೊಂದು ರಸ್ತೆ. ಒಂದು ಲೇನ್ ನಿಂತಿತು ಎಂದರೆ ಪಕ್ಕದ್ದು ನಿಂತಿತು ಎಂದಲ್ಲ. ಡಿವೈಡರ್ ಕಡೆಯಿಂದ ಫುಟ್‌ಪಾತಿಗೆ ಬರುವಾಗಲೂ ಹೀಗೇ. ಬಸ್ಸಿಗೂ ಫುಟ್‌ಪಾತಿಗೂ ನಡುವೆ ಇರುವ ಸಂದಿನಲ್ಲಿ ಸ್ಕೂಟರ್ ತೂರಿಸುವವರು ಇರುತ್ತಾರೆ.

ಇನ್ನೊಂದು ಮಾತು. ಬಸ್ಸಿನ ಮೂತಿಗೆ ಅಂಟಿಕೊಂಡು ನಡೆಯಬೇಡಿ. ಡ್ರೈವರ್ ಸೀಟು ಎತ್ತರದಲ್ಲಿ ಇರುತ್ತದೆ. ಮುಂದಿನ ಗಾಜಿನ ಕೆಳಗೆ, ಬಸ್ಸಿಗೆ ಹತ್ತಿರ ಇರುವ ಮಗು ಅವನಿಗೆ ಕಾಣುವುದೇ ಇಲ್ಲ. ಎರಡು ಮೂರು ಹೆಜ್ಜೆ ದೂರ ಬಿಟ್ಟು ನಡೆಯಿರಿ.

ಫ್ರೀ ಲೆಫ್ಟ್ ಇರುವ ಜಂಕ್ಷನ್

ಸಿಗ್ನಲ್ ಇರುವ ಕಡೆ ನಡೆಯುವವರಿಗೆ ಹಸಿರು ದೀಪ ಬಂದರೂ ಫ್ರೀ ಲೆಫ್ಟಿನ ಗಾಡಿಗಳು ಬರುತ್ತಲೇ ಇರುತ್ತವೆ. ಅಲ್ಲಿ ಎಡಕ್ಕೆ ತಿರುಗುವ ಡ್ರೈವರ್ ನಿಮ್ಮನ್ನು ನೋಡುತ್ತಿರುವುದಿಲ್ಲ. ಅವನ ತಲೆ ಬಲಕ್ಕೆ ತಿರುಗಿರುತ್ತದೆ, ಆ ಕಡೆಯಿಂದ ಗಾಡಿ ಬರುತ್ತಿದೆಯಾ ಎಂದು. ಅವನ ತಲೆ ನಿಮ್ಮ ಕಡೆ ತಿರುಗುವವರೆಗೆ ಇಳಿಯಬೇಡಿ. ಮಧ್ಯೆ ತ್ರಿಕೋನದ ಕಟ್ಟೆ ಇದ್ದರೆ ಮೊದಲು ಅಲ್ಲಿಗೆ ಹೋಗಿ ನಿಲ್ಲಿ, ಆಮೇಲೆ ದೊಡ್ಡ ರಸ್ತೆ.

ಬಸ್ ಎಡಕ್ಕೆ ತಿರುಗುವಾಗ ಮುಂದಿನ ಚಕ್ರ ಹೋದ ದಾರಿಯಲ್ಲಿ ಹಿಂದಿನ ಚಕ್ರ ಹೋಗುವುದಿಲ್ಲ, ಒಳಗೆ ಕತ್ತರಿಸಿಕೊಂಡು ಫುಟ್‌ಪಾತಿನ ಹತ್ತಿರಕ್ಕೆ ಬರುತ್ತದೆ. ತಿರುವಿನಲ್ಲಿ ಅಂಚಿನ ಕಲ್ಲಿನ ಮೇಲೆ ನಿಲ್ಲಬೇಡಿ. ಮಕ್ಕಳನ್ನಂತೂ ಎರಡು ಹೆಜ್ಜೆ ಹಿಂದೆ ನಿಲ್ಲಿಸಿ.

ಬಟನ್ ಒತ್ತುವ ಸಿಗ್ನಲ್ ಇದ್ದರೆ ಒತ್ತಿ, ಕಾಯಿರಿ. ಹಸಿರು ಬಂದ ಮೇಲೂ ಎಲ್ಲ ಲೇನ್ ನಿಂತಿದೆಯಾ ನೋಡಿಯೇ ಇಳಿಯಿರಿ.

ಮಳೆ, ಕತ್ತಲೆ

ಡ್ರೈವರ್ ಆಗಿದ್ದಾಗ ನನಗೆ ಅತಿ ಕಷ್ಟದ ಹೊತ್ತು ಸಂಜೆ ಆರೂವರೆಯಿಂದ ಏಳೂವರೆ. ಬೆಳಕು ಪೂರ್ತಿ ಹೋಗಿರುವುದಿಲ್ಲ, ದೀಪ ಪೂರ್ತಿ ಕೆಲಸ ಮಾಡುವುದಿಲ್ಲ. ಕಪ್ಪು ಬಟ್ಟೆಯವರು ಕಾಣುವುದೇ ಇಲ್ಲ. ಬಿಳಿ ಬಟ್ಟೆ ಚೀಲ ಇದ್ದರೆ ಗಾಡಿ ಬರುವ ಕಡೆಯ ಕೈಯಲ್ಲಿ ಹಿಡಿಯಿರಿ. ಮೊಬೈಲ್ ಟಾರ್ಚ್ ಹಚ್ಚಿ ನೆಲದ ಕಡೆ ತೋರಿಸುತ್ತಾ ನಡೆಯಿರಿ, ಡ್ರೈವರ್ ಕಣ್ಣಿಗೆ ಬಿಡಬೇಡಿ. ಮಳೆಯಲ್ಲಿ ಕೊಡೆಯನ್ನು ಗಾಡಿ ಬರುವ ಕಡೆ ಬಾಗಿಸಿದರೆ ನಿಮಗೂ ಕಾಣುವುದಿಲ್ಲ, ಅವನಿಗೂ ನಿಮ್ಮ ಕೈ ಕಾಣುವುದಿಲ್ಲ. ದಾಟುವ ಆರು ಸೆಕೆಂಡ್ ನೆನೆದರೂ ಪರವಾಗಿಲ್ಲ, ಕೊಡೆ ಮೇಲೆತ್ತಿ.

ಗಾಡಿ ಓಡಿಸುವವರಿಗೆ

ಈಗ ನನ್ನ ಜಾತಿಯವರಿಗೆ, ಅಂದರೆ ಸ್ಟೇರಿಂಗ್ ಹಿಡಿಯುವವರಿಗೆ, ನಾಲ್ಕು ಮಾತು.

ಪಟ್ಟೆ ಅಥವಾ ಅದರ ಬೋರ್ಡ್ ಕಂಡ ತಕ್ಷಣ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಯಾರೂ ಇಲ್ಲದಿದ್ದರೂ ತೆಗೆಯಿರಿ. ಕಾಲು ತೆಗೆದವನಿಗೆ ಜನ ಕಾಣುತ್ತಾರೆ, ಒತ್ತಿದವನಿಗೆ ಕಾಣುವುದಿಲ್ಲ. ಕನ್ನಡಿ ನೋಡಿ, ಬ್ರೇಕನ್ನು ಮೊದಲು ಮೆಲ್ಲಗೆ ಮುಟ್ಟಿ. ನಿಮ್ಮ ಹಿಂದಿನ ಕೆಂಪು ದೀಪ ಬೇಗ ಹತ್ತಿದರೆ ಹಿಂದಿನವನು ಹಾರ್ನ್ ಹೊಡೆಯುವ ಬದಲು ತಾನೂ ನಿಧಾನ ಮಾಡುತ್ತಾನೆ. ನಾನು ಬಲಗೈ ಕಿಟಕಿಯಿಂದ ಹೊರಗೆ ಚಾಚಿ, ಅಂಗೈ ಕೆಳಗೆ ಮಾಡಿ, ಮೇಲೆ ಕೆಳಗೆ ಆಡಿಸುತ್ತಿದ್ದೆ. "ನಿಧಾನ ಮಾಡ್ತಿದ್ದೀನಿ" ಎನ್ನುವ ಹಳೇ ಸನ್ನೆ. ಲೈಸೆನ್ಸ್ ಪರೀಕ್ಷೆಗೆ ಎಲ್ಲರೂ ಕಲಿಯುತ್ತೇವೆ, ಆಮೇಲೆ ಯಾರೂ ಮಾಡುವುದಿಲ್ಲ. ಬಲಗಡೆಯಿಂದ ನುಗ್ಗುವ ಬೈಕುಗಳನ್ನು ತಡೆಯಲು ನನಗೆ ಇದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ.

ಸ್ಟಾಪ್ ಲೈನಿನಲ್ಲಿ ನಿಲ್ಲಿಸಿ, ಪಟ್ಟೆಯ ಮೇಲೆ ಅಲ್ಲ. ಹಿಂದೆಯೇ ನಿಂತರೆ ಪಕ್ಕದ ಲೇನಿನವನಿಗೂ ದಾಟುವವರು ಕಾಣುತ್ತಾರೆ. ಕೈ ಬೀಸಬೇಡಿ. ಅವರು ನಿಮ್ಮ ಬಾನೆಟ್ ದಾಟಿದ ಕೂಡಲೇ ಹೊರಡಬೇಡಿ, ಹೆದರಿ ವಾಪಸ್ ಬರಬಹುದು. ಡಿವೈಡರ್ ಸೇರುವವರೆಗೆ ಕಾಯಿರಿ.

ಪಟ್ಟೆಯ ಹತ್ತಿರ ಮುಂದಿನ ಗಾಡಿ ನಿಂತಿದ್ದರೆ ಅದನ್ನು ಹಿಂದೆ ಹಾಕಬೇಡಿ. ಎಷ್ಟೇ ಅವಸರ ಇದ್ದರೂ ಬೇಡ. ಅದು ಕೆಟ್ಟು ನಿಂತಿಲ್ಲ. ಅದರ ಮುಂದೆ ಒಬ್ಬ ಮನುಷ್ಯ ಇದ್ದಾನೆ, ಅಷ್ಟೇ.

ಟೈಮಿನ ಒತ್ತಡ ನನಗೆ ಗೊತ್ತು. ಬಸ್ಸಿನಲ್ಲಿ ಪ್ರತಿ ಟ್ರಿಪ್ಪಿಗೂ ಇಷ್ಟೇ ಹೊತ್ತು ಎಂದು ಇರುತ್ತದೆ. ನಿಲ್ಲಿಸಿದರೆ ಹಿಂದಿನಿಂದ "ಯಾಕ್ರೀ ನಿಲ್ಸಿದ್ರಿ" ಎಂದು ಕೂಗುತ್ತಾರೆ. ಒಂದು ಸಲ ನಾನೇ ಗಡಿಯಾರ ನೋಡಿ ಲೆಕ್ಕ ಹಾಕಿದೆ. ಒಬ್ಬರನ್ನು ದಾಟಿಸಲು ಎಂಟು ಹತ್ತು ಸೆಕೆಂಡ್. ಒಂದು ಟ್ರಿಪ್ಪಿನಲ್ಲಿ ಆರು ಕಡೆ ನಿಲ್ಲಿಸಿದರೆ ಒಂದು ನಿಮಿಷ. ಒಂದು ಕೆಂಪು ಸಿಗ್ನಲ್ಲಿನಲ್ಲಿ ಅದಕ್ಕಿಂತ ಜಾಸ್ತಿ ಹೋಗುತ್ತದೆ.

ಪಟ್ಟೆಯನ್ನೇ ಸರಿ ಮಾಡಿಸುವುದು

ಬಣ್ಣ ಮಾಸಿದ ಪಟ್ಟೆಗೆ ಯಾರೂ ನಿಲ್ಲುವುದಿಲ್ಲ. ನಮ್ಮದು ಎರಡು ವರ್ಷದ ಹಿಂದೆ ಹಾಗೇ ಆಗಿತ್ತು. ಬೀದಿಯವರು ಬಾಯಿಮಾತಲ್ಲಿ ದೂರು ಹೇಳಿದರು, ಏನೂ ಆಗಲಿಲ್ಲ. ಆಮೇಲೆ ನಾವು ಐದು ಜನ ಸೇರಿ ಮೂರು ದಿನ ಬೆಳಗ್ಗೆ ಎಂಟರಿಂದ ಒಂಬತ್ತು ಅಲ್ಲೇ ನಿಂತು ಎಣಿಸಿದೆವು. ಎಷ್ಟು ಜನ ದಾಟಿದರು, ಅದರಲ್ಲಿ ಮಕ್ಕಳೆಷ್ಟು, ವಯಸ್ಸಾದವರೆಷ್ಟು, ಎಷ್ಟು ಗಾಡಿ ನಿಂತವು. ನೋಟ್ ಪುಸ್ತಕದಲ್ಲಿ ನಾಲ್ಕು ಗೆರೆ ಹಾಕಿ ಅಡ್ಡ ಒಂದು ಗೆರೆ, ಅಷ್ಟೇ. ಆ ಲೆಕ್ಕ, ನಾಲ್ಕು ಫೋಟೋ, ಒಂದು ಪುಟದ ಅರ್ಜಿ. ಅದಕ್ಕೆ ಶಾಲೆಯ ಹೆಡ್‌ಮಿಸ್ ಸಹಿ ಹಾಕಿಸಿದೆವು. ಮೂರು ಸಲ ಓಡಾಡಿದ ಮೇಲೆ ಬಣ್ಣ ಹೊಡೆದರು. ರಾತ್ರಿ ಕೆಲಸ ಮಾಡಿದ್ದರು, ಬೆಳಗ್ಗೆ ಮೊಮ್ಮಗಳು ಪಟ್ಟೆ ಎಣಿಸಿದಳು.

ಅರ್ಜಿಯಲ್ಲಿ "ಕ್ರಮ ಕೈಗೊಳ್ಳಿ" ಎಂದು ಬರೆಯಬೇಡಿ. ಏನು ಬೇಕು ಎಂದು ಬಿಡಿಸಿ ಬರೆಯಿರಿ. ಪಟ್ಟೆಗೆ ಬಣ್ಣ. ಅದಕ್ಕಿಂತ ಸ್ವಲ್ಪ ಹಿಂದೆ ಸ್ಟಾಪ್ ಲೈನ್. ಡಿವೈಡರಿನಲ್ಲಿ ಗಾಲಿ ಕುರ್ಚಿ ಹೋಗುವಷ್ಟು ಜಾಗ. ಪಟ್ಟೆಯ ಮೇಲೆ ಬೀಳುವ ಹಾಗೆ ಒಂದು ಬೀದಿ ದೀಪ. ಎರಡೂ ಬದಿಯಲ್ಲಿ ಪಾರ್ಕಿಂಗ್ ಇಲ್ಲ ಎನ್ನುವ ಬೋರ್ಡ್. ಸಾಧ್ಯವಾದರೆ ಪಟ್ಟೆಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿ ಕಟ್ಟುವುದು. ನನ್ನ ಅನುಭವದಲ್ಲಿ ಈ ಕೊನೆಯದೇ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಬಣ್ಣ ನೋಡಿ ನಿಲ್ಲದವನು ಉಬ್ಬು ನೋಡಿ ನಿಧಾನ ಮಾಡುತ್ತಾನೆ, ಗಾಡಿ ಅವನದ್ದಲ್ವಾ. ನಮಗೆ ಅದು ಇನ್ನೂ ಸಿಕ್ಕಿಲ್ಲ, ಬಣ್ಣವೂ ಮತ್ತೆ ಸವೆಯುತ್ತಿದೆ. ಎರಡನೇ ಅರ್ಜಿ ಕೊಟ್ಟಿದ್ದೇವೆ.

2025ರ ಸೆಪ್ಟೆಂಬರಿನಿಂದ ಬೆಂಗಳೂರು ಐದು ನಗರ ಪಾಲಿಕೆಗಳಾಗಿದೆ. ನಿಮ್ಮ ರಸ್ತೆ ಯಾವುದಕ್ಕೆ ಸೇರುತ್ತದೆ ಎಂದು ಮೊದಲು ನೋಡಿಕೊಳ್ಳಿ. ಪಾಲಿಕೆಯ ಸಹಾಯವಾಣಿ 1533ಕ್ಕೆ ಫೋನ್ ಮಾಡಿ ದೂರು ಬರೆಸಿ, ದೂರಿನ ನಂಬರ್ ಕೇಳಿ ತೆಗೆದುಕೊಳ್ಳಿ. ಆ ನಂಬರನ್ನೇ ಅರ್ಜಿಯಲ್ಲಿ ಬರೆಯಿರಿ. ಒಂದು ಪ್ರತಿ ನಿಮ್ಮ ಸಂಚಾರ ಪೊಲೀಸ್ ಠಾಣೆಗೂ ಕೊಡಿ, ಎರಡು ಕಡೆಯೂ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಪೆಟ್ಟಾದರೆ

ಮೊದಲು ಗಾಡಿ ನಂಬರ್ ಜೋರಾಗಿ ಕೂಗಿ ಹೇಳಿ, ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆ. 108ಕ್ಕೆ ಆಂಬುಲೆನ್ಸ್, 112ಕ್ಕೆ ಪೊಲೀಸ್. ಸಹಾಯ ಮಾಡಿದವರನ್ನು ಕೇಸಿನಲ್ಲಿ ಸಿಕ್ಕಿಸುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಅವರಿಗೆ ರಕ್ಷಣೆ ಕೊಟ್ಟಿದ್ದಾರೆ, ಹಾಗಾಗಿ ಹೆದರದೇ ಮುಂದೆ ಬನ್ನಿ. ಅಪಘಾತದಲ್ಲಿ ಪೆಟ್ಟಾದವರಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದು ಕಟ್ಟದೇ ಚಿಕಿತ್ಸೆ ಕೊಡುವ ಕೇಂದ್ರ ಸರ್ಕಾರದ ಯೋಜನೆ 2025ರಲ್ಲಿ ಬಂದಿದೆ. ಆಸ್ಪತ್ರೆಯಲ್ಲಿ ಅದರ ಬಗ್ಗೆ ಕೇಳಿ. ಹೊಡೆದ ಗಾಡಿ ಸಿಗದೇ ಹೋದರೂ ಪರಿಹಾರ ಇದೆ. ತೀವ್ರ ಗಾಯಕ್ಕೆ 50,000 ರೂಪಾಯಿ, ಸಾವಾದರೆ ಮನೆಯವರಿಗೆ 2 ಲಕ್ಷ. ಅದಕ್ಕೆ ಪೊಲೀಸ್ ದೂರು ಇರಲೇಬೇಕು.

ಮಕ್ಕಳಿಗೆ ಕಲಿಸುವುದು

ಮಕ್ಕಳಿಗೆ "ಹುಷಾರು" ಎಂದರೆ ಏನೂ ತಿಳಿಯುವುದಿಲ್ಲ. ನಾನು ಮೊಮ್ಮಗಳ ಜೊತೆ ಒಂದು ಆಟ ಆಡುತ್ತೇನೆ. ಭಾನುವಾರ ಬೆಳಗ್ಗೆ ಪಟ್ಟೆಯಿಂದ ನಾಲ್ಕು ಹೆಜ್ಜೆ ಹಿಂದೆ ಫುಟ್‌ಪಾತಿನಲ್ಲಿ ನಿಲ್ಲುತ್ತೇವೆ, ದಾಟುವುದಿಲ್ಲ. ಬೇರೆಯವರು ದಾಟಲು ನಿಂತಾಗ, ಬರುವ ಗಾಡಿ ಎರಡನೇ ಕಂಬದ ಹತ್ತಿರ ಇರುವಾಗಲೇ ಅವಳು ಹೇಳಬೇಕು, ನಿಲ್ಲುತ್ತಾ ಇಲ್ಲವಾ ಎಂದು. ಮೊದಲು ಎಲ್ಲದಕ್ಕೂ "ನಿಲ್ಲುತ್ತೆ" ಎನ್ನುತ್ತಿದ್ದಳು. ಆಮೇಲೆ ಮೂತಿ ತಗ್ಗುವುದು, ಚಕ್ರ ನಿಧಾನವಾಗುವುದು ನೋಡಲು ಕಲಿತಳು.

ಮೊನ್ನೆ ಶಾಲೆಗೆ ಹೋಗುವಾಗ ಒಂದು ಕಾರು ನಿಂತಿತು. ನಾನು ಕಾಲಿಡಲು ಹೊರಟೆ. ಅವಳು ನನ್ನ ಕೈ ಹಿಡಿದು ಎಳೆದಳು. "ತಾತ, ಇರು. ಅದರ ಪಕ್ಕ ಇನ್ನೊಂದು ಬರ್ತಾ ಇದೆ, ಅದು ನಿಲ್ಲಲ್ಲ." ನಿಲ್ಲಲಿಲ್ಲ. ಅದು ಹೋದ ಮೇಲೆ ಅವಳೇ ಕೈ ಎತ್ತಿದಳು. ಅದರ ಹಿಂದಿನದು ಒಂದು ಬಸ್. ಚಕ್ರ ನಿಧಾನವಾಗಿ ನಿಂತಿತು, ನಾವಿಬ್ಬರೂ ಇಳಿದೆವು.